ಫ್ಯಾಕ್ಟರಿ ಬಸ್ಸುಗಳ ಬೆಂಗಳೂರು ಸಿಗುವ ಪುಸ್ತಕ

ಬೆಂಗಳೂರಿನ ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಫ್ಯಾಕ್ಟರಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇ ಜೋಡಿಸುವ ಕೆಲಸದಲ್ಲಿದ್ದವಳು ನಾನು. ಈಗ ನಿವೃತ್ತಿಯಾಗಿದೆ. ಬೆಂಗಳೂರಿನ ಬಗ್ಗೆ ಯಾವ ಪುಸ್ತಕ ಸಿಕ್ಕರೂ ಮೊದಲು ನಮ್ಮ ಫ್ಯಾಕ್ಟರಿ ಇದೆಯಾ ಅಂತ ಹುಡುಕುತ್ತೇನೆ. ಎಷ್ಟೋ ಪುಸ್ತಕಗಳಲ್ಲಿ ಕೆಂಪೇಗೌಡರು ಇರುತ್ತಾರೆ, ದಂಡಿನ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿನ, ಬಂಗಲೆಗಳು ಇರುತ್ತವೆ, ಆಮೇಲೆ ನೇರ ಸಾಫ್ಟ್‌ವೇರ್. ನಾವು ಮಾತ್ರ ಇರಲ್ಲ.

ಇತಿಹಾಸಕಾರ್ತಿ ಜಾನಕಿ ನಾಯರ್ ಇಂಗ್ಲಿಷಿನಲ್ಲಿ ಬರೆದ, ಇಪ್ಪತ್ತನೇ ಶತಮಾನದ ಬೆಂಗಳೂರಿನ ಚರಿತ್ರೆ ‘ದಿ ಪ್ರಾಮಿಸ್ ಆಫ್ ದಿ ಮೆಟ್ರೊಪೊಲಿಸ್’ (2005) ಹಾಗಲ್ಲ. ಪೇಟೆ ಮತ್ತು ದಂಡು ಎರಡು ಬೇರೆ ಊರುಗಳಾಗಿದ್ದದ್ದು, 1949ರಲ್ಲಿ ಒಂದೇ ಆಡಳಿತಕ್ಕೆ ಬಂದದ್ದು, ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಈ ಸರ್ಕಾರಿ ಫ್ಯಾಕ್ಟರಿಗಳ ಸುತ್ತ ಹೊಸ ಬಡಾವಣೆಗಳು ಎದ್ದದ್ದು, ಎಲ್ಲಕ್ಕೂ ಇಲ್ಲಿ ಜಾಗ ಇದೆ. ಕನ್ನಡ ಚಳವಳಿಯ ಭಾಗವನ್ನಂತೂ ನಿಧಾನವಾಗಿ ಓದಿ. ನೌಕರಿ ಯಾರಿಗೆ ಅನ್ನೋ ಪ್ರಶ್ನೆಯೂ ಭಾಷೆಯ ಪ್ರಶ್ನೆಯೂ ಹೇಗೆ ಹೆಣೆದುಕೊಂಡವು ಅನ್ನೋದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಫ್ಯಾಕ್ಟರಿಯ ಕನ್ನಡ ಸಂಘದಲ್ಲಿ ರಾಜ್ಯೋತ್ಸವಕ್ಕೆ ಚಂದಾ ಎತ್ತಿದವರಿಗೆ ಇದು ಸುಮ್ನೆ ಓದಿ ಬಿಡುವ ವಿಷಯ ಅಲ್ಲ. 1980–81ರಲ್ಲಿ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು 77 ದಿನ ಮುಷ್ಕರ ಮಾಡಿದ್ದೆವು. ಸಂಬಳ ಇಲ್ಲ, ಅಂಗಡಿಯವರು ಉದ್ರಿ ಕೊಟ್ಟಿದ್ದರಿಂದ ಮನೆ ನಡೆಯಿತು. ನಮ್ಮಂಥ ಕಾರ್ಮಿಕರನ್ನೂ ಊರು ಕಟ್ಟಿದವರ ಲೆಕ್ಕಕ್ಕೆ ತಂದಿದ್ದಾರಲ್ಲ, ಅದು ನನಗೆ ದೊಡ್ಡದು.

ನಾಯರ್ ಅವರು ಈ ಪುಸ್ತಕಕ್ಕೆ ಬಂದ ದಾರಿಯೂ ಮುಖ್ಯ. 1998ರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ನಲ್ಲಿ ಕೋಲಾರದ ಗಣಿ ಕೆಲಸಗಾರರನ್ನೂ ಬೆಂಗಳೂರಿನ ಬಟ್ಟೆ ಗಿರಣಿಯವರನ್ನೂ ಅಧ್ಯಯನ ಮಾಡಿದ್ದರು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಅಂತ ಕೇಳದೆ ಊರಿನ ಚರಿತ್ರೆ ಬರೆಯೋಕಾಗಲ್ಲ, ಅಲ್ವಾ? ದೆಹಲಿಯ ಜೆಎನ್‌ಯುನಲ್ಲಿ ಪಾಠ ಮಾಡುತ್ತಿದ್ದಾಗಲೂ ಮೈಸೂರು ಸೀಮೆಯನ್ನು ಅವರು ಬಿಡಲಿಲ್ಲ. 2011ರಲ್ಲಿ ‘ಮೈಸೂರು ಮಾಡರ್ನ್’ ಬಂತು.

ಕಷ್ಟಗಳೂ ಇವೆ. ಇಂಗ್ಲಿಷ್ ಬಿಗಿಯಾಗಿದೆ. ಸಿದ್ಧಾಂತದ ಮಾತು ಜಾಸ್ತಿ. ಕೆಲವು ಪುಟಗಳನ್ನು ನಾನು ಮಗಳ ಜೊತೆ ಕೂತು ಓದಬೇಕಾಯಿತು. ಇನ್ನೊಂದು, ಪುಸ್ತಕ ಬಂದದ್ದು 2005ರಲ್ಲಿ. ಸಂಪಿಗೆ ರಸ್ತೆಯ ರಾಜಾ ಮಿಲ್ ಜಾಗದಲ್ಲಿ ಮಾಲ್ ಎದ್ದದ್ದು ಆಮೇಲೆ. ನೂಲು ತೆಗೆಯುತ್ತಿದ್ದ ಜಾಗದಲ್ಲಿ ಈಗ ಸಿದ್ಧ ಉಡುಪು ಕೊಳ್ಳುತ್ತೇವೆ. ಆ ಬದಲಾವಣೆಯನ್ನೂ ಇದೇ ಕಣ್ಣಿನಿಂದ ಯಾರಾದರೂ ಬರೆಯಬೇಕು ಅಂತ ನನ್ನ ಆಸೆ.

ಮೊದಲ ಪುಟದಿಂದಲೇ ಓದಬೇಕು ಅಂತೇನಿಲ್ಲ. ಅಪ್ಪನೋ ಅಮ್ಮನೋ ಇಂಥ ಫ್ಯಾಕ್ಟರಿಯಲ್ಲಿ ದುಡಿದಿದ್ದರೆ ಕನ್ನಡ ಚಳವಳಿಯ ಭಾಗದಿಂದ ಶುರು ಮಾಡಿ, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೊಳ್ಳಲು ದುಬಾರಿ ಅನ್ನಿಸಿದರೆ ಲೈಬ್ರರಿಯಲ್ಲಿ ಕೇಳಿ ನೋಡಿ.