ಮಳೆ ನಕ್ಷೆಗೆ ಒಂದೇ ಬಣ್ಣವೋ, ಎರಡು ಬಣ್ಣವೋ?

ಕರ್ನಾಟಕದ ಜಿಲ್ಲಾವಾರು ಮಳೆ ನಕ್ಷೆ ಮಾಡಲು ಕೂತಿದ್ದೀರಿ ಅಂದುಕೊಳ್ಳಿ. ಬಣ್ಣ ಆರಿಸುವ ಮೊದಲು ಇದನ್ನು ಕೇಳಿಕೊಳ್ಳಿ: ತೋರಿಸಬೇಕಾದ್ದು ಎಷ್ಟು ಮಳೆ ಬಂತು ಅಂತಲೋ, ವಾಡಿಕೆಗಿಂತ ಎಷ್ಟು ಹೆಚ್ಚು ಕಡಿಮೆ ಆಯಿತು ಅಂತಲೋ?

ಎಷ್ಟು ಬಂತು ಅನ್ನುವುದಕ್ಕೆ ಒಂದೇ ಬಣ್ಣ ಸಾಕು. ತಿಳಿ ನೀಲಿಯಿಂದ ಕಡು ನೀಲಿಗೆ. ಚಿತ್ರದುರ್ಗ ತೆಳುವಾಗಿ, ಉಡುಪಿ ಗಾಢವಾಗಿ ಕಾಣುತ್ತದೆ. ಐದಾರು ಹಂತಕ್ಕಿಂತ ಜಾಸ್ತಿ ಬೇಡ, ಅಕ್ಕಪಕ್ಕದ ನೀಲಿಗಳ ವ್ಯತ್ಯಾಸವೇ ತಿಳಿಯುವುದಿಲ್ಲ.

ವಾಡಿಕೆ ಮಳೆಗೆ ಹೋಲಿಸುವಾಗ ಈ ನೀಲಿ ಸಾಲದು. ಅಲ್ಲಿ ನಡುವೆ ಒಂದು ಗಡಿ ಇದೆ. ಭಾರತೀಯ ಹವಾಮಾನ ಇಲಾಖೆ ವಾಡಿಕೆಗಿಂತ ಶೇ 19ರಷ್ಟು ಹೆಚ್ಚಾದರೂ ಕಡಿಮೆಯಾದರೂ ಸಾಮಾನ್ಯ ಮಳೆ ಎಂದೇ ಲೆಕ್ಕ ಹಾಕುತ್ತದೆ. ಆ ನಡುವಿನ ಹಂತಕ್ಕೆ ಬಿಳಿಚಿದ ಬಣ್ಣ ಕೊಡಿ. ಕೊರತೆಯ ಕಡೆ ಕಂದು, ಹೆಚ್ಚಳದ ಕಡೆ ನೀಲಿ. ಒಣಗಿದ ಹೊಲದ ಬಣ್ಣವೂ ಕಂದೇ ಅಲ್ವಾ?

ಕೆಂಪು-ಹಸಿರು ಜೋಡಿ ಮಾತ್ರ ಬೇಡವೇ ಬೇಡ. ಆ ಎರಡರ ವ್ಯತ್ಯಾಸ ಕಾಣದವರು, ಅದರಲ್ಲೂ ಗಂಡಸರು, ಎಷ್ಟೋ ಜನ ಇದ್ದಾರೆ. ಬರದ ಜಿಲ್ಲೆಯೂ ಮಳೆ ಹೆಚ್ಚಾದ ಜಿಲ್ಲೆಯೂ ಅವರಿಗೆ ಒಂದೇ ಥರ ಕಾಣಬಹುದು. ಕಾಮನಬಿಲ್ಲಿನ ಬಣ್ಣಗಳೂ ಸರಿಹೋಗುವುದಿಲ್ಲ. ನಡುವಿನ ಹಳದಿ ಹೊಳೆದು, ಮಧ್ಯಮ ಮಳೆಯ ಜಿಲ್ಲೆಯೇ ಮೊದಲು ಕಣ್ಣಿಗೆ ಬೀಳುತ್ತದೆ.

ನಕ್ಷಾತಜ್ಞೆ ಸಿಂಥಿಯಾ ಬ್ರೂವರ್ ರೂಪಿಸಿದ ಕಲರ್‌ಬ್ರೂವರ್ ಜಾಲತಾಣದಲ್ಲಿ ಎರಡೂ ಬಗೆಯ ಬಣ್ಣಗಳು ಸಿದ್ಧವಾಗಿ, ಉಚಿತವಾಗಿ ಸಿಗುತ್ತವೆ.

ನಕ್ಷೆ ಜೆರಾಕ್ಸ್ ಆಗಿ ಹಂಚಿಕೆಯಾಗುವುದಾದರೆ ನನ್ನ ಮತ ಒಂದೇ ಬಣ್ಣಕ್ಕೆ. ಕಪ್ಪುಬಿಳುಪಿನಲ್ಲಿ ಕಡು ಕಂದೂ ಕಡು ನೀಲಿಯೂ ಒಂದೇ ಬೂದು.