ಪೆಟ್ಟಿಗೆ ಮೇಲೆ 30 ಪಟ್ಟು, ಅಳೆದರೆ ಹತ್ತು: ನಮ್ಮ ಮನೆಯ ಭೂತಗನ್ನಡಿ

ನಾವಿರುವುದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ. ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು. ಇಬ್ಬರಿಗೂ ಮನೆಯಲ್ಲೇ ಪಾಠ. ತಿಂಡಿ ಆದಮೇಲೆ ದಣಪೆ ದಾಟಿದರೆ ತೋಟ, ಹಳ್ಳ, ಸೊಪ್ಪಿನಬೆಟ್ಟ ಅಂತ ಒಂದು ಸುತ್ತು. ಈ ಸುತ್ತಾಟಕ್ಕೆ ಅಂತ ತಂದ ಸಾಮಾನುಗಳಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಒಂದೇ. ಮಡಚುವ ಪುಟ್ಟ ಭೂತಗನ್ನಡಿ, ಆನ್‌ಲೈನ್‌ನಲ್ಲಿ 180 ರೂಪಾಯಿ.

ಮೊದಲು ಜಾಸ್ತಿ ದುಡ್ಡು ಸುರಿದದ್ದು ಬೈನಾಕ್ಯುಲರ್‌ಗೆ. ಮಳೆಗಾಲದಲ್ಲಿ ಮಂಡಗದ್ದೆಗೆ ಹೋಗಿದ್ದೆವು. ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಮಗ ನೋಡಿ, "ಅಮ್ಮಾ, ಎಲ್ಲಾ ಎರಡೆರಡು ಕಾಣ್ತಿದೆ" ಅಂದ. ತಪ್ಪು ಅವನದಲ್ಲ. ದೊಡ್ಡವರ ಬೈನಾಕ್ಯುಲರ್‌ನ ಎರಡು ಕೊಳವೆಗಳನ್ನು ಎಷ್ಟು ಹತ್ತಿರ ತಂದರೂ ಏಳು ವರ್ಷದವನ ಕಣ್ಣಿನ ಅಳತೆಗೆ ಕೂರಲಿಲ್ಲ. ಮುಕ್ಕಾಲು ಕೆಜಿ ಭಾರ ಬೇರೆ. ಈಗ ಅದು ಬೀರು ಮೇಲಿದೆ.

ಭೂತಗನ್ನಡಿಯೂ ಮೊದಲ ದಿನ ಪೇಚಿಗೆ ಸಿಕ್ಕಿಸಿತು. ಮಕ್ಕಳು ಸಿನಿಮಾ ಪತ್ತೇದಾರರ ಹಾಗೆ ಕೈ ಚಾಚಿ ಹಿಡಿದರು. ಎಲ್ಲ ಮಸುಕು, ತಲೆಕೆಳಗು. ಇದನ್ನು ಕಣ್ಣಿಗೆ ಅಂಟಿಸಿದ ಹಾಗೆ ಹಿಡಿಯಬೇಕು. ಆಮೇಲೆ ಎಲೆಯನ್ನೋ ಹೂವನ್ನೋ ಮೂಗಿನ ಹತ್ತಿರ ತರಬೇಕು. ಮಗನಿಗೆ ಈ ಪಟ್ಟು ಸಿಕ್ಕಿದ್ದು ಮೂರನೇ ದಿನ. ಜರೀಗಿಡದ ಎಲೆಯ ಹಿಂದಿನ ಕಂದು ಚುಕ್ಕಿಗಳನ್ನು ನೋಡ್ತಿದ್ದವನು, "ಅಮ್ಮಾ, ಇದು ಧೂಳಲ್ಲ, ಸಾಲಾಗಿ ಇಟ್ಟಿದಾರೆ" ಅಂತ ಕೂಗಿದ. ಅದೇ ಜರೀಗಿಡದ ಬೀಜದ ಮನೆ ಅಂತ ಹೇಳಿದೆ. ಬೀಜ ಅಲ್ಲ, ಬೀಜಕ ಅಂತ ಮಗಳು ತಿದ್ದಿದಳು. ಇರಲಿ.

ಪೆಟ್ಟಿಗೆ ಮೇಲೆ ‘30 ಎಕ್ಸ್’ ಅಂತ ಅಚ್ಚಾಗಿತ್ತು. ಮಗಳಿಗೆ ಅನುಮಾನ. ಕಿಟಕಿ ಎದುರಿನ ಗೋಡೆ ಹತ್ತಿರ ಗಾಜು ಹಿಡಿದು ಹಿಂದೆ ಮುಂದೆ ಆಡಿಸಿದೆವು. ಒಂದು ಕಡೆ ಬಂದಾಗ ಬೆರಳುಗುರಿನಷ್ಟು ಕಿಟಕಿ, ತಲೆಕೆಳಗಾಗಿ, ಸ್ಪಷ್ಟವಾಗಿ ಗೋಡೆ ಮೇಲೆ ಮೂಡಿತು. ಹೊರಗಿನ ತೆಂಗಿನ ಮರವೂ ಇತ್ತು! ಗಾಜಿನಿಂದ ಗೋಡೆಗೆ ಸ್ಕೇಲ್ ಇಟ್ಟರೆ ಎರಡೂವರೆ ಸೆಂಟಿಮೀಟರ್. ಬರಿಗಣ್ಣಿಗೆ ಆರಾಮವಾಗಿ ಕಾಣುವ ಹತ್ತಿರದ ದೂರ 25 ಸೆಂಟಿಮೀಟರ್ ಅಂತ ಲೆಕ್ಕ. ಭಾಗಿಸಿದರೆ ಹತ್ತು ಪಟ್ಟು. 30 ಆಗಬೇಕಿದ್ದರೆ ಎಲೆಯನ್ನು ಎಂಟು ಮಿಲಿಮೀಟರ್ ಹತ್ತಿರ ಹಿಡಿಯಬೇಕಿತ್ತು, ಕಣ್ರೆಪ್ಪೆಗೇ ತಾಗೋದು. ಮಾರುವವರು ಹೇಳಿದ್ದು ಶುದ್ಧ ಸುಳ್ಳು. ಆದರೆ ಮಕ್ಕಳಿಗೆ ಬೇಕಾದ್ದು ಹತ್ತೇ. ಆ ದಿನದ ಗಣಿತ, ವಿಜ್ಞಾನ ಎರಡೂ ಅಲ್ಲೇ ಮುಗೀತು.

ನಡಿಗೆ ಮಾತ್ರ ನಿಧಾನವಾಯಿತು. ಮೊದಲು ಅರ್ಧ ಗಂಟೆಯಲ್ಲಿ ಬೆಟ್ಟದ ತುದಿ ಮುಟ್ಟುತ್ತಿದ್ದೆವು. ಈಗ ಹಳ್ಳದ ಸಂಕ ದಾಟುವುದೇ ಇಲ್ಲ. ಮಾವಿನ ಮರದಲ್ಲಿ ಚಗಳಿ ಇರುವೆ ಗೂಡು ಕಟ್ಟುವುದನ್ನು ಒಂದು ಗಂಟೆ ನೋಡಿದರು. ಎಲೆ ಹೊಲಿಯುವ ನೂಲು ಬರುವುದು ಅವುಗಳ ಮರಿಹುಳದಿಂದ. ದೊಡ್ಡ ಇರುವೆ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಆ ಕಡೆ ಈ ಕಡೆ ಮುಟ್ಟಿಸುತ್ತದೆ. ಅತ್ತೆ ಅಂಗಳದಿಂದ, "ಶಾಲೆ ಬಿಡಿಸಿ ಇರುವೆ ಕಾಯಕ್ಕೆ ಇಟ್ಟಿದೀಯಲ್ಲೇ ಮಾರಾಯ್ತಿ" ಅಂದರು. ಅವರಿಗೆ ಚಗಳಿ ಅಂದರೆ ಚಟ್ನಿ.

ಇಂಬಳಕ್ಕೆ, ಅಂದರೆ ನೆಲದ ಜಿಗಣೆಗೆ, ಐದು ಜೊತೆ ಕಣ್ಣು ಅಂತ ಓದಿದ್ದೆವು. ಎಣಿಸಲು ಕೂತರೆ ಅದು ನಿಂತಲ್ಲಿ ನಿಲ್ಲಬೇಕಲ್ಲ. ಗಾಜು ಹಿಡಿದ ಕೈಗೇ ಹತ್ತಿತು.

ಮಳೆಗಾಲ ಮುಗಿದು ಒಣಗಾಲ ಬಂತೆಂದರೆ ನಾವು ಬೆಟ್ಟ ಹತ್ತುವುದಿಲ್ಲ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮ ಜಿಲ್ಲೆಯದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವುದು ಉಣುಗು. ಉದುರಿದ ಒಣ ಎಲೆಯ ದರಗಿನಲ್ಲಿ ಮಕ್ಕಳನ್ನು ಕೂರಿಸುವ ಮಾತೇ ಇಲ್ಲ. ಆಗೆಲ್ಲ ಗಾಜಿಗೆ ಅಂಗಳ, ಕೊಟ್ಟಿಗೆಯೇ ಕಾಡು. ಹಸುವಿನ ಮೈಯಿಂದ ತೆಗೆದ ಉಣುಗನ್ನು ಮುಚ್ಚಳ ಹಾಕಿದ ಬಾಟಲಿಯಲ್ಲಿ ಇಟ್ಟು ನೋಡಿದೆವು. ಎಂಟು ಕಾಲು. "ಹಾಗಾದ್ರೆ ಇದು ಜೇಡದ ನೆಂಟ" ಅಂದಳು ಮಗಳು.

ದೂರು ಎರಡಿವೆ. ಮಡಚುವ ಕಡೆಯ ತಿರುಪು ತಿಂಗಳಿಗೊಮ್ಮೆ ಸಡಿಲವಾಗುತ್ತದೆ. ಆಷಾಢದಲ್ಲಿ ಗಾಜಿನ ಅಂಚಿಗೆ ಬೂಷ್ಟು ಹಿಡಿಯಿತು. ಒರೆಸಿದರೂ ಒಂದು ಮೂಲೆಯಲ್ಲಿ ಕಲೆ ಉಳಿದಿದೆ. ಈಗ ರಾತ್ರಿ ಅಕ್ಕಿ ಡಬ್ಬದಲ್ಲಿ ಇಡುತ್ತೇವೆ. ದಾರ ಕಟ್ಟಿ ಕೊರಳಿಗೆ ಹಾಕಿ, ಇಲ್ಲದಿದ್ದರೆ ಮೊದಲ ವಾರವೇ ಹಳ್ಳದ ಪಾಲು. ಬಿಸಿಲಿನಲ್ಲಿ ಒಣ ಎಲೆ ಸುಡುವ ಆಟ ಒಮ್ಮೆ ಆಗಿದೆ, ಕಣ್ಣಿಡಿ. ಗಾಜಿನಲ್ಲಿ ಸೂರ್ಯನನ್ನು ನೋಡಬಾರದು ಅಂತ ಮೊದಲೇ ಹೇಳಿಡಿ.

ಕೊಳ್ಳುವವರು ‘10 ಎಕ್ಸ್’ ಅಂತ ಬರೆದದ್ದನ್ನೇ ಕೊಳ್ಳಿ. ಗಾಜಿನದಿರಲಿ, ಪ್ಲಾಸ್ಟಿಕ್ ಬೇಡ, ಬೇಗ ಗೀರು ಬೀಳುತ್ತದೆ. ಮಕ್ಕಳಿಗೆ ಒಂದೊಂದು ಬೇಕು, ಒಂದರಲ್ಲಿ ಜಗಳ. ನಾನೂ ಎರಡನೆಯದನ್ನು ತರಿಸುತ್ತಿದ್ದೇನೆ. ಅಡಿಕೆ ಸುಲಿಯುವಾಗ ಬೆರಳಿಗೆ ಹೊಕ್ಕ ಸಿಬಿರು ಕಾಣುತ್ತದೆ ಅಂತ ಮೊದಲನೆಯದನ್ನು ಅತ್ತೆ ಇಟ್ಟುಕೊಂಡಿದ್ದಾರೆ.