ಡೇಟಾ ಸೋರಿದರೆ ಯಾರ ನಿಯಮ ಬಿಗಿ: ಯುರೋಪಿನ ಜಿಡಿಪಿಆರ್ ಅಥವಾ ನಮ್ಮ ಡಿಪಿಡಿಪಿ?

ನಿಮ್ಮ ಆ್ಯಪ್‌ಗೆ ಬೆಂಗಳೂರಲ್ಲೂ ಬರ್ಲಿನ್‌ನಲ್ಲೂ ಗ್ರಾಹಕರಿದ್ದರೆ ಯುರೋಪ್ ಒಕ್ಕೂಟದ ಡೇಟಾ ರಕ್ಷಣಾ ಕಾನೂನು ಜಿಡಿಪಿಆರ್, ಭಾರತದ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಡಿಪಿಡಿಪಿ, ಎರಡನ್ನೂ ಪಾಲಿಸಲೇಬೇಕು. ಯಾವುದನ್ನು ಅಡಿಪಾಯ ಮಾಡಿಕೊಳ್ಳೋದು ಅನ್ನೋದಷ್ಟೇ ಪ್ರಶ್ನೆ.

ಜಿಡಿಪಿಆರ್ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಡೇಟಾ ಸೋರಿದ್ದು ಗೊತ್ತಾದ 72 ಗಂಟೆಯೊಳಗೆ ಅಲ್ಲಿನ ಡೇಟಾ ರಕ್ಷಣಾ ಪ್ರಾಧಿಕಾರಕ್ಕೆ ತಿಳಿಸಬೇಕು, ಆದರೆ ಜನರಿಗೆ ತೊಂದರೆಯಾಗುವ ಸಂಭವ ಇಲ್ಲದಿದ್ದರೆ ಬಿಡಬಹುದು, ಬಳಕೆದಾರರಿಗೆ ಹೇಳಬೇಕಾದ್ದೂ ಅಪಾಯ ಜಾಸ್ತಿ ಇದ್ದಾಗ ಮಾತ್ರ. ನಮ್ಮ 2023ರ ಡಿಪಿಡಿಪಿಯಲ್ಲಿ ಈ ರಿಯಾಯಿತಿ ಇಲ್ಲ. ಸೋರಿಕೆ ಚಿಕ್ಕದಿರಲಿ ದೊಡ್ಡದಿರಲಿ, ಡೇಟಾ ರಕ್ಷಣಾ ಮಂಡಳಿಗೂ ಹೇಳಬೇಕು, ಡೇಟಾ ಕಳೆದುಕೊಂಡ ಪ್ರತಿಯೊಬ್ಬರಿಗೂ ಹೇಳಬೇಕು. ಇದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ತಯಾರಾಗಲು 18 ತಿಂಗಳು ಕೊಟ್ಟಿದ್ದಾರೆ. ಹಾಗಂತ ಸುಮ್ನೆ ಕೂರುವಂತಿಲ್ಲ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು ಅನ್ನೋ 2022ರ ಆದೇಶ ಇದ್ದೇ ಇದೆ. ಬೆವರಿಳಿಸುವುದು ಇದೇ!

ದಂಡ ಯುರೋಪಲ್ಲಿ 2 ಕೋಟಿ ಯುರೋ ಅಥವಾ ಜಾಗತಿಕ ವಹಿವಾಟಿನ ಶೇ. 4, ಎರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ. ಇಲ್ಲಿ 250 ಕೋಟಿ ರೂಪಾಯಿವರೆಗೆ, ಅದೂ ಸರ್ಕಾರದ ಖಜಾನೆಗೆ. ನಷ್ಟವಾದವರು ಪರಿಹಾರ ಕೇಳುವ ಹಕ್ಕು ಜಿಡಿಪಿಆರ್‌ನಲ್ಲಿದೆ, ಡಿಪಿಡಿಪಿಯಲ್ಲಿ ಇಲ್ಲ. ಡೇಟಾ ಹೋದದ್ದು ನಮ್ಮದು, ದುಡ್ಡು ಮಾತ್ರ ಸರ್ಕಾರಕ್ಕೆ, ವಿಚಿತ್ರ ಅಲ್ವಾ?

ನನ್ನ ಪ್ರಕಾರ ಒಪ್ಪಿಗೆ, ಡೇಟಾ ಅಳಿಸುವುದು ಇವನ್ನೆಲ್ಲ ಜಿಡಿಪಿಆರ್ ನೋಡಿ ಕಟ್ಟಿ. ಸೋರಿಕೆ ತಿಳಿಸುವ ವ್ಯವಸ್ಥೆಗೆ ಮಾತ್ರ ಭಾರತದ ಗಡುವನ್ನೇ ಇಟ್ಟುಕೊಳ್ಳಿ. ಮಕ್ಕಳು ಬಳಸುವ ಆ್ಯಪ್ ಆದರೆ ಪೋಷಕರ ಒಪ್ಪಿಗೆಗೂ ಇಲ್ಲಿನ ಲೆಕ್ಕವೇ ಬಿಗಿ: ಅಲ್ಲಿ 16 ವರ್ಷದೊಳಗಿನವರಿಗೆ, ಕೆಲವು ದೇಶಗಳಲ್ಲಿ 13ರೊಳಗಿನವರಿಗೆ, ಇಲ್ಲಿ 18ರೊಳಗಿನವರಿಗೆ ಬೇಕು.